ಮನೆ ಕೆಳಗೆ ಫ್ಯಾನ್ ಇಟ್ಟು ಕೆಟ್ಟೆ

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಹಳೆ ಮನೆ ಕೊಳ್ಳುವ ನಮ್ಮವರು ಇದನ್ನೊಮ್ಮೆ ಓದಿಬಿಡಿ.

ರಾಲಿ ಹತ್ತಿರದ ನಮ್ಮ ಮನೆಗೆ ನೆಲಕ್ಕೂ ಮಣ್ಣಿಗೂ ನಡುವೆ ತೆವಳಿಕೊಂಡು ಹೋಗುವಷ್ಟು ಜಾಗ ಇದೆ. ಕ್ರಾಲ್ ಸ್ಪೇಸ್ ಅಂತಾರೆ. ಸುತ್ತ ಗೋಡೆಯಲ್ಲಿ ಗಾಳಿ ಕಿಂಡಿಗಳು. ಜೂನ್‌ನಲ್ಲಿ ಮನೆಯೆಲ್ಲ ಮುಗ್ಗಲು ವಾಸನೆ ಶುರುವಾಯಿತು. ಸಾಗರದಿಂದ ಬಂದಿದ್ದ ಮಾವ, "ಕೆಳಗೆ ಗಾಳಿ ಆಡ್ತಿಲ್ಲ ಅಳಿಯಂದ್ರೇ" ಅಂದರು. ನಾನೂ ಮಲೆನಾಡಿನವನೇ, ಸರಿ ಅನ್ನಿಸಿತು. ಕಿಂಡಿಗೊಂದು ಫ್ಯಾನ್ ಕಟ್ಟಿ ಎರಡು ತಿಂಗಳು ಹಗಲೂ ರಾತ್ರಿ ಓಡಿಸಿದೆ.

ಆಗಸ್ಟ್ ಕೊನೆಗೆ ಹಾಲ್‌ನ ಮರದ ಹಲಗೆಗಳ ಅಂಚು ಎದ್ದವು. ಬರಿಗಾಲಿಗೆ ಏಣು ಏಣಾಗಿ ತಾಗುತ್ತಿತ್ತು. ಟಾರ್ಚ್ ಹಿಡಿದು ಕೆಳಗೆ ತೂರಿ ನೋಡಿದರೆ ಎಸಿ ಡಕ್ಟ್ (ತಣ್ಣನೆ ಗಾಳಿ ಒಯ್ಯುವ ಕೊಳವೆ) ಮೇಲೆಲ್ಲ ಹನಿ. ಶಾಖ ತಡೆಯುವ ಹೊದಿಕೆ, ಅಂದರೆ ಇನ್ಸುಲೇಷನ್, ನೀರು ಕುಡಿದು ಒದ್ದೆ ಹತ್ತಿ ಹಾಸಿಗೆ ಥರ ಜೋತು ಬಿದ್ದಿತ್ತು. ತೊಲೆಗಳಿಗೆ ಬಿಳಿ ಬೂಷ್ಟು.

ಐಸ್ ನೀರಿನ ಲೋಟ ಬೆವರುತ್ತದಲ್ವಾ, ಅದೇ ಕಥೆ. ಇಲ್ಲಿನ ಬೇಸಿಗೆ ಗಾಳಿಯಲ್ಲಿ ತೇವ ಜಾಸ್ತಿ. ಮೇಲೆ ಎಸಿ ಓಡುವುದರಿಂದ ಡಕ್ಟು, ಹಲಗೆ ಎಲ್ಲ ತಣ್ಣಗಿರುತ್ತವೆ. ಹೊರಗಿನ ಬಿಸಿ ಗಾಳಿ ತಾಗಿದ ಕೂಡಲೇ ನೀರು ಕಟ್ಟುತ್ತದೆ. ಒಣಗಿಸುತ್ತೇನೆ ಅಂದುಕೊಂಡು ನಾನು ಫ್ಯಾನ್ ಹಾಕಿ ನೀರು ತುಂಬಿಸುತ್ತಿದ್ದೆ!

ಆಮೇಲೆ ಕರೆಸಿದ ಕಂಟ್ರಾಕ್ಟರ್‌ನದು ಇನ್ನೊಂದು ಎಡವಟ್ಟು. ಮಣ್ಣಿಗೆ ಪ್ಲಾಸ್ಟಿಕ್ ಹಾಸಿ, ಕಿಂಡಿ ಮುಚ್ಚಿ, ದುಡ್ಡು ಎಣಿಸಿಕೊಂಡು ಹೋದ. ಸೂರಿನ ನೀರಿನ ಪೈಪ್ ಗೋಡೆ ಬುಡಕ್ಕೇ ಸುರಿಯುತ್ತಿದ್ದುದನ್ನು ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ. ಮಳೆ ಬಂದ ಮೇಲೆ ಪ್ಲಾಸ್ಟಿಕ್ ಒತ್ತಿದರೆ ಕೆಳಗೆ ನೀರು ಕುಲುಕುತ್ತಿತ್ತು.

ಹಾಗಾಗಿ ಮೊದಲು ಮಳೆನೀರು ಗೋಡೆಯಿಂದ ದೂರ ಹೋಗಬೇಕು, ಮಣ್ಣು ಹೊರಗಡೆಗೆ ಇಳಿಜಾರಾಗಿರಬೇಕು. ಆಮೇಲೆ ಪ್ಲಾಸ್ಟಿಕ್. ತೀರಾ ಕಡಿಮೆ ಅಂದರೂ 6 ಮಿಲ್ (ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು) ದಪ್ಪದ್ದು ಕೇಳಿ. ಹಾಳೆ ಮೇಲೆ ಹಾಳೆ ಒಂದಡಿಯಷ್ಟು ಬಂದು, ಟೇಪ್ ಬಿದ್ದಿರಬೇಕು. ಗೋಡೆಗೂ ಹತ್ತಿಸಬೇಕು, ಆದರೆ ಮೇಲೆ ಮೂರಿಂಚು ಬಿಡಿಸಿ. ಗೆದ್ದಲು ಬಂದರೆ ಕಾಣಬೇಕಲ್ಲ. ಕಿಂಡಿ ಮುಚ್ಚಿದ ಮೇಲೆ ಗಾಳಿಯ ತೇವ ತೆಗೆಯುವ ಏರ್ಪಾಡು ಬೇಕೇ ಬೇಕು. ಅದಕ್ಕೆ ಡಿಹ್ಯುಮಿಡಿಫೈಯರ್ ಅನ್ನುವ ಯಂತ್ರ ಇಟ್ಟರೆ, ಅದರ ನೀರು ಪೈಪ್‌ನಲ್ಲಿ ತಾನಾಗಿ ಹೊರಗೆ ಹೋಗಬೇಕು. ಕೆಳಗೆ ಗ್ಯಾಸ್ ಹೀಟರ್ ಇದ್ದು ಅದು ಅಲ್ಲಿನ ಗಾಳಿಯನ್ನೇ ಎಳೆಯುತ್ತಿದ್ದರೆ, ತಿಳಿದವರಿಗೆ ತೋರಿಸದೆ ಕಿಂಡಿ ಮುಚ್ಚಬೇಡಿ. ಜೀವಕ್ಕೇ ಅಪಾಯ.

ಈಗ ಗಾಳಿಯ ತೇವ ಅಳೆಯುವ ಸಣ್ಣದೊಂದು ಮೀಟರ್ ಕೆಳಗಿಟ್ಟಿದ್ದೇನೆ. ತೇವಾಂಶ ಶೇಕಡಾ 60 ದಾಟಿದರೆ ಫೋನ್ ಕೂಗುತ್ತದೆ. ಇವತ್ತು 52 ಇದೆ. ಹಲಗೆಗಳು ಬಹುಪಾಲು ಕೂತಿವೆ, ಅಡಿಗೆಮನೆ ಬಾಗಿಲ ಹತ್ತಿರದವು ಮಾತ್ರ ಎದ್ದೇ ಇವೆ. ಮಾವನಿಗೆ ಇನ್ನೂ ಹೇಳಿಲ್ಲ.