ರೈಸಿನಾ ಗುಡ್ಡದ ಮನೆ: ರಾಷ್ಟ್ರಪತಿ ಭವನ ದರ್ಶನದ ಅನುಭವ

ದೆಹಲಿಗೆ ಹೋಗುವ ಕನ್ನಡಿಗರಿಗೆ, ಅದರಲ್ಲೂ ಪ್ರೌಢಶಾಲೆಗೆ ಹೋಗುವ ಮಕ್ಕಳಿರುವವರಿಗೆ, ರಾಷ್ಟ್ರಪತಿ ಭವನಕ್ಕೆ ಒಂದಿಡೀ ದಿನ ಮೀಸಲಿಡಿ ಎಂದು ಒತ್ತಿ ಹೇಳುತ್ತೇನೆ. ಮುಖ್ಯ ಕಟ್ಟಡಕ್ಕೂ ವಸ್ತುಸಂಗ್ರಹಾಲಯಕ್ಕೂ ಬೇರೆ ಬೇರೆ ಟಿಕೆಟ್. ನಾವು ಹೋದಾಗ ಒಂದೊಂದಕ್ಕೆ 50 ರೂಪಾಯಿ ಇತ್ತು. ಅಂತರ್ಜಾಲದಲ್ಲಿ ಮುಂಚಿತವಾಗಿ ಕಾಯ್ದಿರಿಸಿ, ಗುರುತಿನ ಚೀಟಿಯ ಮೂಲಪ್ರತಿಯನ್ನೇ ಒಯ್ಯಬೇಕು. ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ.

ಬ್ರಿಟಿಷ್ ವಾಸ್ತುಶಿಲ್ಪಿ ಲುಟಿಯನ್ಸ್ ವಿನ್ಯಾಸಗೊಳಿಸಿದ 340 ಕೋಣೆಗಳ ಈ ಕಟ್ಟಡ ವೈಸರಾಯ್ ವಾಸಕ್ಕೆಂದು ಎದ್ದದ್ದು. ಒಳಗೆ ನಿಂತವರನ್ನು ಅದು ಚಿಕ್ಕವರನ್ನಾಗಿಸುತ್ತದೆ. ಕಟ್ಟಿಸಿದವರಿಗೆ ಬೇಕಾಗಿದ್ದದ್ದೂ ಅದೇ. ಹಾಗಾಗಿ ಈಗ ಗಣತಂತ್ರ ಮಂಟಪವೆಂದು ಕರೆಯಲಾಗುವ ದರ್ಬಾರ್ ಹಾಲಿಗೆ ಬಂದಾಗ, ಗುಮ್ಮಟವನ್ನು ನೋಡುವಷ್ಟೇ ಹೊತ್ತು 1950ರ ಜನವರಿ 26ರ ಬೆಳಗನ್ನೂ ನೆನೆಯಬೇಕು. ಕೊನೆಯ ಗವರ್ನರ್ ಜನರಲ್ ರಾಜಾಜಿ ಅಧಿಕಾರ ಬಿಟ್ಟುಕೊಟ್ಟು, ರಾಜೇಂದ್ರ ಪ್ರಸಾದರು ಪ್ರಮಾಣವಚನ ಸ್ವೀಕರಿಸಿದ್ದು ಇಲ್ಲಿಯೇ. ರಾಜಾಜಿಯವರು ವೈಸರಾಯ್‌ಗಳ ವಿಶಾಲ ವಾಸದ ಭಾಗವನ್ನು ಬಿಟ್ಟು ಕೆಲವೇ ಕೋಣೆಗಳಲ್ಲಿ ವಾಸಿಸಿದರು. ಮುಂದಿನ ರಾಷ್ಟ್ರಪತಿಗಳೂ ಆ ಪದ್ಧತಿಯನ್ನೇ ಉಳಿಸಿಕೊಂಡರು. ಎಳೆಯ ಗಣರಾಜ್ಯವೊಂದು ಸಾಮ್ರಾಜ್ಯದ ಮನೆಯೊಳಗೆ ಹೇಗೆ ಬದುಕಬೇಕೆಂಬ ಪ್ರಶ್ನೆಗೆ ಕೊಟ್ಟ ಮೊದಲ ಉತ್ತರಗಳಲ್ಲಿ ಇದೂ ಒಂದೆಂದು ನನಗೆ ಅನಿಸುತ್ತದೆ.

ಹಳೆಯ ಕುದುರೆಲಾಯ ಮತ್ತು ಗ್ಯಾರೇಜುಗಳ ಆವರಣದಲ್ಲಿರುವ ವಸ್ತುಸಂಗ್ರಹಾಲಯ 2014ರಲ್ಲಿ ತೆರೆದು, 2016ರಲ್ಲಿ ವಿಸ್ತಾರಗೊಂಡಿತು. ಸಾರೋಟು, ಕಾರು, ವಿದೇಶಗಳಿಂದ ಬಂದ ಉಡುಗೊರೆಗಳನ್ನು ಮಕ್ಕಳು ತಾವಾಗಿಯೇ ಓಡೋಡಿ ನೋಡುತ್ತಾರೆ. ರಾಷ್ಟ್ರಪತಿಗಳ ಬದುಕಿನ ಪರಿಚಯವಿರುವ ಭಾಗದಲ್ಲಿ ಮಾತ್ರ ದಯವಿಟ್ಟು ಅವಸರ ಮಾಡಬೇಡಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿ, 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳೇ ಗಾಡಿ ಎಳೆದು ರೈಲು ನಿಲ್ದಾಣಕ್ಕೆ ಕರೆದೊಯ್ದ ರಾಧಾಕೃಷ್ಣನ್ ಅವರನ್ನು ನಾವು ನಮ್ಮವರೆಂದೇ ಭಾವಿಸುತ್ತೇವೆ. ಆದರೆ ರಾಷ್ಟ್ರಪತಿ ಪದವಿಯ ಇಕ್ಕಟ್ಟನ್ನು ಮಕ್ಕಳಿಗೆ ವಿವರಿಸಲು ನಾನು ಆರಿಸಿಕೊಂಡದ್ದು ಬಿ.ಡಿ. ಜತ್ತಿಯವರನ್ನು.

ಜಮಖಂಡಿ ತಾಲ್ಲೂಕಿನ ಸಾವಳಗಿಯವರಾದ ಜತ್ತಿಯವರು, 1977ರ ಫೆಬ್ರುವರಿ 11ರಂದು ಫಕ್ರುದ್ದೀನ್ ಅಲಿ ಅಹ್ಮದ್ ನಿಧನರಾದಾಗ ಉಪರಾಷ್ಟ್ರಪತಿಯಾಗಿದ್ದರು. ಅಂದಿನಿಂದ ಜುಲೈ 25ರವರೆಗೆ ಹಂಗಾಮಿ ರಾಷ್ಟ್ರಪತಿಯಾದರು. ಕೇಂದ್ರದ ಮೊದಲ ಕಾಂಗ್ರೆಸ್ಸೇತರ ಪ್ರಧಾನಿ ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರು ಅವರೇ. ಸುಮಾರು ಒಂದು ತಿಂಗಳ ಬಳಿಕ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂಬ ಸಲಹೆ ಹೊಸ ಸರ್ಕಾರದಿಂದ ಬಂದಾಗ, ಅವರು ಕೂಡಲೇ ಸಹಿ ಹಾಕಲಿಲ್ಲ, ಕೊನೆಗೆ ಹಾಕಿದರು. ಮಂತ್ರಿಮಂಡಲದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯತಕ್ಕದ್ದೆಂದು ಸಂವಿಧಾನದ 42ನೇ ತಿದ್ದುಪಡಿ 74ನೇ ವಿಧಿಯಲ್ಲಿ ಬರೆದು ಕೆಲವೇ ತಿಂಗಳಾಗಿತ್ತು. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳುಹಿಸಬಹುದೆಂಬ ಅವಕಾಶ ಬಂದದ್ದು 1978ರ 44ನೇ ತಿದ್ದುಪಡಿಯಲ್ಲಿ, ಅಂದರೆ ಜತ್ತಿಯವರು ಆ ಕುರ್ಚಿಯಿಂದ ಇಳಿದ ಮೇಲೆ. ಆ ಅವಕಾಶವನ್ನು ಬಳಸಿ 1997ರಲ್ಲಿ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅವರು ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸನ್ನು ಹಿಂದಿರುಗಿಸಿದರು. ಸರ್ಕಾರ ಅದನ್ನು ಕೈಬಿಟ್ಟಿತು. ಇಪ್ಪತ್ತು ವರ್ಷಗಳ ಅಂತರದ ಈ ಎರಡು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟು ಹೇಳಿದಾಗ, ಅಷ್ಟು ದೊಡ್ಡ ಮನೆಯಲ್ಲಿರುವವರಿಗೆ ಎಷ್ಟು ಅಧಿಕಾರವಿದೆ ಎಂದು ಬೆಳಿಗ್ಗೆಯಿಂದ ಕೇಳುತ್ತಿದ್ದ ನನ್ನ ಮಗಳು ಮೊದಲ ಬಾರಿಗೆ ತಲೆಯಾಡಿಸಿದಳು.

ಹೊರಡುವ ಮುನ್ನ ಮನೆಯಲ್ಲೇ ಸಂವಿಧಾನದ 53, 74 ಮತ್ತು 111ನೇ ವಿಧಿಗಳನ್ನು ಮಕ್ಕಳೊಡನೆ ಒಮ್ಮೆ ಓದಿಕೊಳ್ಳಿ. ಕನ್ನಡ ಅನುವಾದ ಸುಲಭವಾಗಿ ಸಿಗುತ್ತದೆ. ಎರಡನ್ನೂ ಒಂದೇ ದಿನ ನೋಡುವವರು ಮೊದಲು ಮುಖ್ಯ ಕಟ್ಟಡವನ್ನು, ಮಧ್ಯಾಹ್ನದ ಬಳಿಕ ವಸ್ತುಸಂಗ್ರಹಾಲಯವನ್ನು ಇಟ್ಟುಕೊಂಡರೆ, ಎರಡನೆಯದರಲ್ಲಿ ನಿಂತು ಓದಲು ಬೇಕಾದಷ್ಟು ಹೊತ್ತು ಸಿಗುತ್ತದೆ.