ಈ ಪ್ರೋಗ್ರಾಂ ಏನು ಮಾಡುತ್ತದೆ? ವಾಟ್‌ಈಸ್, ಪ್ಯಾಕೇಜ್ ವಿವರಣೆ, ಟಿಎಲ್‌ಡಿಆರ್: ಮೂರನ್ನೂ ಬಳಸಿ ನೋಡಿದ ಮೇಲೆ

ನಾನು ಒಂದು ಪುಟ್ಟ ಕಮಾಂಡ್‌ಲೈನ್ ಟೂಲ್ ನೋಡಿಕೊಳ್ಳುತ್ತೇನೆ. ಹೆಸರು ‘ಏನಿದು’. ಅದಕ್ಕೆ ಒಂದು ಪ್ರೋಗ್ರಾಂ ಹೆಸರು ಕೊಟ್ಟರೆ ಅದರ ಕೆಲಸ ಏನು ಅಂತ ಒಂದೇ ಸಾಲಿನಲ್ಲಿ ಹೇಳಬೇಕು. ಅಷ್ಟೇ. ಆಪ್ಷನ್‌ಗಳ ಪಟ್ಟಿ ಬೇಡ, ಉದಾಹರಣೆ ಬೇಡ. ಪ್ರೊಸೆಸ್ ಪಟ್ಟಿಯಲ್ಲೋ ಪ್ರೋಗ್ರಾಂಗಳು ಇರುವ ಬಿನ್ ಫೋಲ್ಡರ್‌ನಲ್ಲೋ ಗುರುತಿಲ್ಲದ ಹೆಸರು ಕಂಡಾಗ ‘ಯಾರಪ್ಪ ನೀನು’ ಅಂತ ಕೇಳುವುದಕ್ಕೆ ಮಾಡಿಕೊಂಡ ಟೂಲ್ ಅದು.

ಕೋಡ್ ಬರೆಯುವುದರಲ್ಲಿ ಏನೂ ಇಲ್ಲ. ಶೆಲ್ ಸ್ಕ್ರಿಪ್ಟ್, ಒಂದೆರಡು ಪುಟ. ಆ ಒಂದು ಸಾಲನ್ನು ಎಲ್ಲಿಂದ ತರುವುದು ಅನ್ನುವುದೇ ತಲೆನೋವು. ಅದಕ್ಕೆ ಸಿಗುವ ಮೂಲಗಳನ್ನೆಲ್ಲ ಒಂದೊಂದಾಗಿ ಜೋಡಿಸಿ ಬಳಸಿದ್ದೇನೆ. ವೇಗ ನೋಡಿದೆ, ಎಷ್ಟು ಪ್ರೋಗ್ರಾಂಗಳಿಗೆ ಉತ್ತರ ಸಿಗುತ್ತದೆ ಅಂತಲೂ ನೋಡಿದೆ. ಆದರೆ ಕೊನೆಗೆ ತೀರ್ಮಾನ ಮಾಡಿದ್ದು ಬೇರೆ ಪ್ರಶ್ನೆಯಿಂದ: ಸಾಲು ತಪ್ಪಿದ್ದರೆ ಅದನ್ನು ತಿದ್ದುವವರು ಯಾರು? ಉತ್ತರ ‘ನಾನೇ’ ಅಂತಾದರೆ ಆ ಮೂಲ ನನಗೆ ಬೇಡ.

ವಾಟ್‌ಈಸ್

ಹಳೆಯ ಹುಲಿಯಿಂದಲೇ ಶುರು ಮಾಡೋಣ. ವಾಟ್‌ಈಸ್ ಮತ್ತು ಅದರ ಜೋಡಿ ಅಪ್ರೊಪೋ ಎಂಬ ಕಮಾಂಡ್‌ಗಳು 2ಬಿಎಸ್‌ಡಿ ಎಂಬ ಹಳೆಯ ಯುನಿಕ್ಸ್ ಆವೃತ್ತಿಯ ಕಾಲದಿಂದ ಇವೆ. ಹೆಸರು ಗೊತ್ತಿದ್ದು ಕೆಲಸ ಗೊತ್ತಿಲ್ಲದಿದ್ದರೆ ವಾಟ್‌ಈಸ್. ಕೆಲಸ ಗೊತ್ತಿದ್ದು ಹೆಸರು ಗೊತ್ತಿಲ್ಲದಿದ್ದರೆ ಅಪ್ರೊಪೋ. ಪ್ರತಿ ಮ್ಯಾನ್ ಪುಟದ (ಪ್ರೋಗ್ರಾಂ ಜೊತೆ ಬರುವ ಕೈಪಿಡಿ ಪುಟ) ತಲೆಯಲ್ಲಿ ‘ಹೆಸರು - ವಿವರಣೆ’ ಎಂಬ ಒಂದು ಸಾಲು ಇರುತ್ತದಲ್ಲ, ಅದನ್ನು ಮೊದಲೇ ಹೆಕ್ಕಿ ಡೇಟಾಬೇಸ್‌ನಲ್ಲಿ ಇಟ್ಟಿರುತ್ತಾರೆ. ಕೇಳಿದ ತಕ್ಷಣ ಉತ್ತರ ಬರುತ್ತದೆ.

ಆದರೆ ವಾಟ್‌ಈಸ್ ಅನ್ನುವುದು ಒಂದೇ ಪ್ರೋಗ್ರಾಂ ಅಲ್ಲ. ಲಿನಕ್ಸ್‌ನ ಬಗೆಗಳಾದ ಡೆಬಿಯನ್, ಉಬುಂಟು, ಫೆಡೋರಾಗಳಲ್ಲಿ ಇರುವುದು ಮ್ಯಾನ್-ಡಿಬಿ ಪ್ರಾಜೆಕ್ಟಿನದು. ಬಿಎಸ್‌ಡಿ ಕುಟುಂಬದ ಓಪನ್‌ಬಿಎಸ್‌ಡಿಯಲ್ಲಿ, ಲಿನಕ್ಸ್‌ನದೇ ಬಗೆಗಳಾದ ಆಲ್ಪೈನ್, ವಾಯ್ಡ್‌ಗಳಲ್ಲಿ ಇರುವುದು ಮ್ಯಾನ್‌ಡಾಕ್ ಪ್ರಾಜೆಕ್ಟಿನದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಒಳಗೆ ಬಹಳ ಬೇರೆ.

ಮ್ಯಾನ್-ಡಿಬಿ ಊಹೆ ಮಾಡುತ್ತದೆ. ಲಿನಕ್ಸ್‌ನ ಬಹುಪಾಲು ಮ್ಯಾನ್ ಪುಟಗಳು ಹಳೆಯ ‘ಮ್ಯಾನ್’ ಮ್ಯಾಕ್ರೋಗಳಲ್ಲಿ (ಪುಟದ ರೂಪ ಹೇಳುವ ಗುರುತುಗಳು) ಬರೆದವು. ಅದರಲ್ಲಿ ವಿವರಣೆಗೆ ಅಂತ ಪ್ರತ್ಯೇಕ ಗುರುತು ಇಲ್ಲ. ನೇಮ್ ವಿಭಾಗದಲ್ಲಿ ಹೆಸರು, ಆಮೇಲೆ ಒಂದು ಹಿಂಗೆರೆ ಮತ್ತು ಅಡ್ಡಗೆರೆ (\-), ಆಮೇಲೆ ವಿವರಣೆ. ಈ ರೂಢಿಯನ್ನು ನಂಬಿ ಸಾಲನ್ನು ಕತ್ತರಿಸಿಕೊಳ್ಳಬೇಕು. ಬರೆದವರು ಅಡ್ಡಗೆರೆ ಮರೆತರೆ, ಅಥವಾ ಆ ವಿಭಾಗದಲ್ಲಿ ಅಲಂಕಾರದ ಮ್ಯಾಕ್ರೋ ತುರುಕಿದರೆ ಕತೆ ಮುಗಿಯಿತು. ಪುಟ ತೆರೆದರೆ ಚೆನ್ನಾಗಿಯೇ ಕಾಣುತ್ತದೆ, ವಾಟ್‌ಈಸ್ ಮಾತ್ರ ಅಂಥದ್ದು ಏನೂ ಇಲ್ಲ ಅನ್ನುತ್ತದೆ. ಇಂಥ ದೂರು ಬಂದಾಗ ನಾನು ಮೊದಲು ಓಡಿಸುವುದು ಲೆಕ್ಸ್‌ಗ್ರಾಗ್. ಮ್ಯಾನ್-ಡಿಬಿ ಜೊತೆಗೇ ಬರುವ ಈ ಟೂಲ್‌ಗೆ ಒಂದು ಮ್ಯಾನ್ ಫೈಲ್ ಕೊಟ್ಟರೆ ತಾನು ಹೆಕ್ಕಿದ ಸಾಲನ್ನು ತೋರಿಸುತ್ತದೆ, ಇಲ್ಲವೇ ಓದಲು ಆಗಲಿಲ್ಲ ಅನ್ನುತ್ತದೆ. ಇದರ ಬಗ್ಗೆ ಗೊತ್ತಿರುವವರು ಕಡಿಮೆ. ನೋಡಿಕೊಳ್ಳುವವರಿಗೆ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ.

ಮ್ಯಾನ್‌ಡಾಕ್ ಕಡೆ ಊಹೆಯ ಕೆಲಸ ಕಡಿಮೆ. ಬಿಎಸ್‌ಡಿ ಪುಟಗಳನ್ನು ಬರೆಯುವುದು ‘ಎಂಡಾಕ್’ ಮ್ಯಾಕ್ರೋಗಳಲ್ಲಿ. ಅಲ್ಲಿ ಹೆಸರಿಗೆ ಒಂದು ಮ್ಯಾಕ್ರೋ, ಒಂದು ಸಾಲಿನ ವಿವರಣೆಗೆ ಇನ್ನೊಂದು ಮ್ಯಾಕ್ರೋ. ಯಾವುದು ಏನು ಅಂತ ಬರೆದವರೇ ಹೇಳಿಬಿಟ್ಟಿರುತ್ತಾರೆ. ಓಪನ್‌ಬಿಎಸ್‌ಡಿ 5.6ಕ್ಕಾಗಿ ಅಪ್ರೊಪೋವನ್ನು ಮೊದಲಿನಿಂದ ಮತ್ತೆ ಬರೆದರು. ಅದಾದ ಮೇಲೆ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್‌ನ ಹೆಸರು ಕೊಟ್ಟು ಅದನ್ನು ಬಳಸುವ ಪ್ರೋಗ್ರಾಂಗಳು ಯಾವುವು ಅಂತಲೂ ಕೇಳಬಹುದು. ಮೊದಲ ಸಲ ನೋಡಿದಾಗ ಹೊಟ್ಟೆಕಿಚ್ಚು ಆಯಿತು. ಆದರೆ ಇದೇ ಮ್ಯಾನ್‌ಡಾಕ್ ಅನ್ನು ಲಿನಕ್ಸ್‌ಗೆ ತಂದರೆ ಆ ಹುಡುಕಾಟದ ರುಚಿ ಅರ್ಧಕ್ಕಿಳಿಯುತ್ತದೆ. ಪುಟಗಳೇ ಹಳೆಯ ಮ್ಯಾಕ್ರೋದಲ್ಲಿ ಇದ್ದರೆ ಅದು ತಾನೇ ಏನು ಮಾಡೀತು? ಆಲ್ಪೈನ್‌ನಲ್ಲಂತೂ ಮ್ಯಾನ್ ಪುಟಗಳು ಪ್ರತಿ ಪ್ಯಾಕೇಜಿನ (ಒಟ್ಟಿಗೆ ಹಾಕಿಕೊಳ್ಳುವ ಫೈಲ್‌ಗಳ ಕಟ್ಟು) ‘-ಡಾಕ್’ ಬಾಲದ ಬೇರೆ ಪ್ಯಾಕೇಜಿನಲ್ಲಿ ಇರುತ್ತವೆ. ಅದನ್ನು ಹಾಕಿಕೊಳ್ಳದವರಿಗೆ ಉತ್ತರ ಸೊನ್ನೆ.

ನೆಟ್‌ಬಿಎಸ್‌ಡಿ ಇನ್ನೊಂದು ದಿಕ್ಕಿಗೆ ಹೋಯಿತು. 2011ರ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ಅಲ್ಲಿನ ಅಪ್ರೊಪೋವನ್ನು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಮೇಲೆ ಕಟ್ಟಿದರು. ಅದು ಪುಟದ ಪೂರ್ತಿ ಪಠ್ಯವನ್ನು ಹುಡುಕುತ್ತದೆ. ಹುಡುಕಾಟಕ್ಕೆ ತುಂಬಾ ಒಳ್ಳೆಯದು. ನನ್ನ ‘ಏನಿದು’ಗೆ ಬೇಕಾದದ್ದು ಅದಲ್ಲ, ಹಾಗಾಗಿ ಅಲ್ಲಿಗೇ ಬಿಟ್ಟೆ.

ಮ್ಯಾನ್-ಡಿಬಿಗೆ ಹೊದಿಕೆ (ಅದನ್ನು ಒಳಗಿನಿಂದ ಕರೆಯುವ ಸ್ಕ್ರಿಪ್ಟ್) ಬರೆಯುವವರಿಗೆ ಕೆಲವು ಮಾತು. ಒಂದು, ಟರ್ಮಿನಲ್ ಅಗಲಕ್ಕಿಂತ ಸಾಲು ಉದ್ದ ಆದರೆ ವಾಟ್‌ಈಸ್ ಅದನ್ನು ಕತ್ತರಿಸಿ ಚುಕ್ಕೆ ಹಾಕುತ್ತದೆ. ‘-ಎಲ್’ ಕೊಟ್ಟರೆ ಪೂರ್ತಿ ಕೊಡುತ್ತದೆ. ಇನ್ನೊಂದು, ಏನೂ ಸಿಗದಿದ್ದಾಗ ಅದು ಹಿಂದಿರುಗಿಸುವ ಎಕ್ಸಿಟ್ ಕೋಡ್ (ಕೆಲಸ ಹೇಗೆ ಮುಗಿಯಿತು ಅಂತ ಹೇಳುವ ಸಂಖ್ಯೆ) 16. ಬೇರೆ ತೊಂದರೆ ಆದರೆ ಬೇರೆ ಸಂಖ್ಯೆ. ‘ಉತ್ತರ ಇಲ್ಲ’ ಮತ್ತು ‘ಡೇಟಾಬೇಸ್ ಕೆಟ್ಟಿದೆ’ ಇವೆರಡರ ನಡುವಿನ ವ್ಯತ್ಯಾಸ ಇಲ್ಲಿಯೇ ಸಿಗುತ್ತದೆ. ಪಠ್ಯವನ್ನು ನೋಡಿ ಊಹಿಸಬೇಡಿ, ಅದು ಭಾಷೆಗೆ ತಕ್ಕಂತೆ ಬದಲಾಗುತ್ತದೆ. ಆಮೇಲೆ ಮ್ಯಾನ್ ಪುಟಗಳನ್ನೆಲ್ಲ ಸಂಖ್ಯೆ ಕೊಟ್ಟ ವಿಭಾಗಗಳಾಗಿ ಹಂಚಿರುತ್ತಾರೆ, ಒಂದೇ ಹೆಸರು ಎರಡು ವಿಭಾಗದಲ್ಲಿ ಇರಬಹುದು. ‘ಪ್ರಿಂಟ್‌ಎಫ್’ ಕೇಳಿದರೆ 1ನೇ ವಿಭಾಗದ ಕಮಾಂಡೂ ಬರುತ್ತದೆ, 3ನೇ ವಿಭಾಗದ ಸಿ ಫಂಕ್ಷನ್ನೂ ಬರುತ್ತದೆ. ‘ಏನಿದು’ ಕೇಳುವುದು 1, 6 ಮತ್ತು 8ನೇ ವಿಭಾಗಗಳನ್ನು ಮಾತ್ರ. 6ನೆಯದು ಆಟಗಳದ್ದು, ಅವನ್ನು ಬಿಡಲು ಮನಸ್ಸು ಬರಲಿಲ್ಲ.

ಇನ್ನು ಹೆಲ್ಪ್‌ಟುಮ್ಯಾನ್ ಎಂಬ ಮಹಾನುಭಾವ. ಪ್ರೋಗ್ರಾಂನ ಹೆಲ್ಪ್ ಪಠ್ಯದಿಂದ ತಾನಾಗಿಯೇ ಮ್ಯಾನ್ ಪುಟ ಮಾಡಿಕೊಡುತ್ತದೆ. ಒಳ್ಳೆಯ ಕೆಲಸವೇ. ಆದರೆ ವಿವರಣೆಯನ್ನು ನೀವು ಬೇರೆ ಕೊಡದಿದ್ದರೆ ಅದು ಹಾಕುವ ಸಾಲು ‘ಇದು ಇಂಥ ಪ್ರೋಗ್ರಾಂನ ಮ್ಯಾನುಯಲ್ ಪುಟ’ ಅಂತ. ಅದು ನಮಗೂ ಗೊತ್ತು, ಅಲ್ವಾ? ಪ್ಯಾಕೇಜ್‌ಗಳಲ್ಲಿನ ತಪ್ಪು ಹುಡುಕುವ ಡೆಬಿಯನ್‌ನ ಟೂಲ್ ಲಿಂಟಿಯನ್ ಇಂಥ ಸಾಲುಗಳನ್ನು ‘ಉಪಯೋಗವಿಲ್ಲದ್ದು’ ಅಂತಲೇ ಗುರುತು ಹಾಕಿ ತೋರಿಸುತ್ತದೆ. ನನ್ನ ಸ್ಕ್ರಿಪ್ಟ್ ಇವನ್ನು ಕಂಡರೆ ಉತ್ತರ ಸಿಗಲಿಲ್ಲ ಅಂತಲೇ ಲೆಕ್ಕ ಹಾಕಿ ಮುಂದಿನ ಮೂಲಕ್ಕೆ ಹೋಗುತ್ತದೆ.

ಪ್ಯಾಕೇಜಿನ ವಿವರಣೆ

ಇದರ ಆಕರ್ಷಣೆ ಸ್ಪಷ್ಟ. ಹೆಸರಿನಿಂದ ಫೈಲ್, ಫೈಲ್‌ನಿಂದ ಪ್ಯಾಕೇಜ್, ಪ್ಯಾಕೇಜ್‌ನಿಂದ ಒಂದು ಸಾಲಿನ ಸಾರಾಂಶ. ಪ್ಯಾಕೇಜ್‌ಗಳ ದಾಖಲೆ ಇಡುವ ಟೂಲ್ ಡೆಬಿಯನ್‌ನಲ್ಲಿ ಡಿಪಿಕೆಜಿ, ಫೆಡೋರಾದಲ್ಲಿ ಆರ್‌ಪಿಎಂ, ಆರ್ಚ್‌ನಲ್ಲಿ ಪ್ಯಾಕ್‌ಮ್ಯಾನ್. ಮ್ಯಾನ್ ಪುಟ ಇಲ್ಲದ ಪ್ರೋಗ್ರಾಂಗೂ ಉತ್ತರ ಇರುತ್ತದೆ. ಡೆಬಿಯನ್‌ನಲ್ಲಿ ಆ ಸಾಲು 80 ಅಕ್ಷರ ದಾಟಬಾರದು ಎಂಬ ನಿಯಮ ಇದೆ. ಹಾಗಾಗಿ ಅದು ನಿಜಕ್ಕೂ ಒಂದೇ ಸಾಲು. ಫೈಲ್‌ನಿಂದ ಹೊರಡುವುದರಿಂದ ಹೆಸರು ಬದಲಾದರೂ ತೊಂದರೆ ಇಲ್ಲ. ಡೆಬಿಯನ್‌ನಲ್ಲಿ ‘ಬ್ಯಾಟ್’ ಇರುವುದು ‘ಬ್ಯಾಟ್‌ಕ್ಯಾಟ್’ ಎಂಬ ಹೆಸರಿನಲ್ಲಿ, ‘ಎಫ್‌ಡಿ’ ಇರುವುದು ‘ಎಫ್‌ಡಿಫೈಂಡ್’ ಎಂಬ ಹೆಸರಿನಲ್ಲಿ. ಈ ದಾರಿಗೆ ಎರಡೂ ಸಲೀಸು.

ಎಡವುವುದು ಒಂದೇ ಪ್ಯಾಕೇಜಿನಲ್ಲಿ ನೂರು ಪ್ರೋಗ್ರಾಂ ಇದ್ದಾಗ. ‘ಎಲ್‌ಎಸ್’ ಏನು ಅಂತ ಕೇಳಿದರೆ ಗ್ನೂ ಕೋರ್ ಯುಟಿಲಿಟಿಗಳು. ‘ಸಾರ್ಟ್’ ಏನು? ಗ್ನೂ ಕೋರ್ ಯುಟಿಲಿಟಿಗಳು. ಫೈಲನ್ನು ಗುರುತೇ ಸಿಗದ ಹಾಗೆ ಅಳಿಸಲು ಇರುವ ‘ಶ್ರೆಡ್’? ಅದೂ ಗ್ನೂ ಕೋರ್ ಯುಟಿಲಿಟಿಗಳು! ಯುಟಿಲ್-ಲಿನಕ್ಸ್ ಪ್ಯಾಕೇಜಿನದು ಇನ್ನೂ ಚೆಂದ, ‘ಬಗೆಬಗೆಯ ಸಿಸ್ಟಂ ಯುಟಿಲಿಟಿಗಳು’ ಎಂಬ ಅರ್ಥದ ಸಾಲು. ಬೀದಿಯಲ್ಲಿ ಒಬ್ಬರನ್ನು ತೋರಿಸಿ ಇವರು ಯಾರು ಅಂದರೆ ‘ಈ ಊರಿನವರು’ ಅಂದ ಹಾಗೆ. ಸುಳ್ಳಲ್ಲ, ಆದರೆ ಪ್ರಯೋಜನ ಇಲ್ಲ.

ಇನ್ನೊಂದು ತೊಡಕು ಸ್ವಲ್ಪ ಒಳಗಿನದು. ಹೊಸ ಸಿಸ್ಟಂಗಳಲ್ಲಿ ಬೇರಿನಲ್ಲಿರುವ ಬಿನ್ ಫೋಲ್ಡರ್ ಬರೀ ಒಂದು ಕೊಂಡಿ. ನಿಜವಾದ ಜಾಗ ಯುಎಸ್‌ಆರ್ ಒಳಗೆ. ಆದರೆ ಡೆಬಿಯನ್‌ನಲ್ಲಿ ಬಹಳ ಕಾಲ ಡಿಪಿಕೆಜಿಯ ದಾಖಲೆಯಲ್ಲಿ ಎಷ್ಟೋ ಫೈಲ್‌ಗಳು ಹಳೆಯ ದಾರಿಯಲ್ಲೇ ನಮೂದಾಗಿದ್ದವು. ಶೆಲ್ ಹೇಳುವ ದಾರಿ ಒಂದು, ಡಿಪಿಕೆಜಿಗೆ ಗೊತ್ತಿರುವ ದಾರಿ ಇನ್ನೊಂದು. ಎಲ್‌ಎಸ್ ಯಾವ ಪ್ಯಾಕೇಜಿನದು ಅಂತ ಕೇಳಿದರೆ ಯಾರದ್ದೂ ಅಲ್ಲ ಅನ್ನುವ ಉತ್ತರ. ಎರಡೂ ದಾರಿಯಲ್ಲಿ ಹುಡುಕುವ ನಾಲ್ಕು ಸಾಲು ಸೇರಿಸಬೇಕಾಯಿತು. ಅದರ ಜೊತೆಗೆ ಒಂದೇ ಹೆಸರಿಗೆ ಹಲವು ಪ್ರೋಗ್ರಾಂ ಇದ್ದಾಗ ಒಂದನ್ನು ಆರಿಸುವ ಆಲ್ಟರ್ನೇಟಿವ್ಸ್ ಕೊಂಡಿಗಳು. ‘ವಿಐ’ ಅನ್ನುವುದು ಇನ್ನೊಂದು ಫೋಲ್ಡರ್‌ಗೆ ಕೊಂಡಿ, ಅಲ್ಲಿಂದ ವಿಮ್‌ನ ಒಂದು ರೂಪಕ್ಕೆ ಕೊಂಡಿ. ಕೊನೆಯವರೆಗೆ ಬಿಚ್ಚಿಕೊಂಡು ಹೋದರೆ ಮಾತ್ರ ಪ್ಯಾಕೇಜ್ ಸಿಗುತ್ತದೆ. ಆರ್ಚ್‌ನ ಪ್ಯಾಕ್‌ಮ್ಯಾನ್‌ಗೆ ಕಮಾಂಡಿನ ಹೆಸರನ್ನು ಹಾಗೇ ಕೊಟ್ಟರೆ ಅದೇ ಪಾತ್‌ನಲ್ಲಿ (ಶೆಲ್ ಪ್ರೋಗ್ರಾಂ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಹುಡುಕಿಕೊಳ್ಳುತ್ತದೆ. ಈ ಒಂದು ವಿಷಯದಲ್ಲಿ ಅದು ಎಲ್ಲರಿಗಿಂತ ಮುಂದೆ.

ರಸ್ಟ್, ಪೈಥಾನ್, ಜಾವಾಸ್ಕ್ರಿಪ್ಟ್ ಭಾಷೆಗಳ ಸ್ವಂತ ಟೂಲ್‌ಗಳಾದ ಕಾರ್ಗೋ, ಪಿಪ್, ಎನ್‌ಪಿಎಂ ಮೂಲಕ ಹಾಕಿಕೊಂಡದ್ದು ಈ ದಾಖಲೆಗಳಿಗೆ ಕಾಣುವುದೇ ಇಲ್ಲ. ಪಿಪ್ ತನ್ನ ಪ್ಯಾಕೇಜಿನ ಸಾರಾಂಶ ಕೊಡುತ್ತದೆ, ಕೇಳಲು ಬರುತ್ತದೆ. ಕಾರ್ಗೋ ಹಾಕಿದ ಪ್ರೋಗ್ರಾಂಗೆ ಮ್ಯಾನ್ ಪುಟವನ್ನೂ ಹಾಕುವುದಿಲ್ಲ. ಇದು ದಿನೇ ದಿನೇ ಜಾಸ್ತಿಯಾಗುತ್ತಿರುವ ಕಿಂಡಿ.

ಡೆಸ್ಕ್‌ಟಾಪ್ ಪ್ರೋಗ್ರಾಂಗಳಿಗೆ ಇನ್ನೊಂದು ಮೂಲ ಇದೆ. ಮೆನುವಿಗಾಗಿ ಬರೆದ ‘.ಡೆಸ್ಕ್‌ಟಾಪ್’ ಫೈಲ್‌ಗಳಲ್ಲಿ ಕಾಮೆಂಟ್ ಎಂಬ ಸಾಲು ಇರುತ್ತದೆ, ಎಷ್ಟೋ ಕಡೆ ಅದರ ಕನ್ನಡ ರೂಪವೂ ಪಕ್ಕದಲ್ಲೇ ಇರುತ್ತದೆ. ಗ್ನೋಮ್ ಅನುವಾದಕರ ಶ್ರಮ ಅದು. ‘ಏನಿದು’ ಕನ್ನಡದಲ್ಲಿ ಉತ್ತರ ಕೊಡುವುದು ಈ ಒಂದು ಮೂಲದಿಂದ ಮಾತ್ರ.

ಟಿಎಲ್‌ಡಿಆರ್

2013ರ ಕೊನೆಯಲ್ಲಿ ಶುರುವಾದ ಈ ಪ್ರಾಜೆಕ್ಟ್ ಈಗ ಎಲ್ಲರ ಬಾಯಲ್ಲೂ ಇದೆ. ಒಂದು ಕಮಾಂಡಿಗೆ ಒಂದು ಚಿಕ್ಕ ಮಾರ್ಕ್‌ಡೌನ್ ಪುಟ: ಮೇಲೆ ಒಂದೆರಡು ಸಾಲಿನ ವಿವರಣೆ, ಕೆಳಗೆ ಹೆಚ್ಚೆಂದರೆ 8 ಉದಾಹರಣೆ. ಆ ವಿವರಣೆಯ ಸಾಲುಗಳ ಮುಂದೆ ಒಂದು ಗುರುತು ಇರುವುದರಿಂದ ಹೆಕ್ಕುವುದು ಮಕ್ಕಳಾಟ. ಊಹೆ ಬೇಡ, ಲೆಕ್ಸ್‌ಗ್ರಾಗ್ ಬೇಡ. ಭಾಷೆಯೂ ಚೆನ್ನ. ಮ್ಯಾನ್ ಪುಟದ ಒಣ ಸಾಲಿಗಿಂತ ಓದಲು ಹಿತ. ತಪ್ಪಿದ್ದರೆ ಅದರ ರೆಪೋದಲ್ಲಿ ಒಂದು ಪುಲ್ ರಿಕ್ವೆಸ್ಟ್ ಹಾಕಿದರೆ ಆಯಿತು. ತಿದ್ದುವವರು ಯಾರು ಎಂಬ ನನ್ನ ಪ್ರಶ್ನೆಗೆ ಇದಕ್ಕಿಂತ ಚೆಂದದ ಉತ್ತರ ಬೇರೆ ಯಾರೂ ಕೊಡುವುದಿಲ್ಲ.

ಮತ್ತೆ ಇದನ್ನೇ ಮೊದಲ ಮೂಲವಾಗಿ ಯಾಕೆ ಇಟ್ಟುಕೊಳ್ಳಲಿಲ್ಲ? ಯಾಕೆಂದರೆ ಅದು ನಿಮ್ಮ ಯಂತ್ರದಲ್ಲಿ ಇರುವ ಪ್ರೋಗ್ರಾಂ ಬಗ್ಗೆ ಹೇಳುತ್ತಿಲ್ಲ. ಆ ಹೆಸರಿನ, ಎಲ್ಲರಿಗೂ ಗೊತ್ತಿರುವ ಪ್ರೋಗ್ರಾಂ ಬಗ್ಗೆ ಹೇಳುತ್ತಿದೆ. ‘ಕಿಲ್‌ಆಲ್’ ನೋಡಿ. ಲಿನಕ್ಸ್‌ನಲ್ಲಿ ಅದು ಹೆಸರು ಕೊಟ್ಟ ಪ್ರೊಸೆಸ್‌ಗಳನ್ನು ಕೊಲ್ಲುತ್ತದೆ. ಸೋಲಾರಿಸ್ ಎಂಬ ಯುನಿಕ್ಸ್‌ನಲ್ಲಿ ಅದು ನಡೆಯುತ್ತಿರುವ ಎಲ್ಲವನ್ನೂ ಕೊಲ್ಲುತ್ತದೆ. ಟಿಎಲ್‌ಡಿಆರ್ ಇದಕ್ಕೆಂದೇ ಲಿನಕ್ಸ್, ವಿಂಡೋಸ್, ಬಿಎಸ್‌ಡಿಗಳಿಗೆ ಬೇರೆ ಬೇರೆ ಫೋಲ್ಡರ್ ಇಟ್ಟಿದೆ, ನಿಜ. ಆದರೂ ನಿಮ್ಮ ಬಿನ್‌ನಲ್ಲಿ ಯಾರೋ ಅದೇ ಹೆಸರಿನ ಬೇರೆ ಪ್ರೋಗ್ರಾಂ ಇಟ್ಟಿದ್ದರೆ ಅದಕ್ಕೆ ಹೇಗೆ ಗೊತ್ತಾಗಬೇಕು? ಗುರುತಿಲ್ಲದ ಹೆಸರು ಕಂಡಾಗ ಕೇಳುವ ಟೂಲ್‌ಗೆ ಇದು ಸಣ್ಣ ಕೊರತೆ ಅಲ್ಲ. ಜೊತೆಗೆ, ಮೊದಲ ಸಲ ಪುಟಗಳನ್ನು ಇಳಿಸಿಕೊಳ್ಳಲು ನೆಟ್ ಬೇಕು. ಹೊರಗಿನ ಸಂಪರ್ಕ ಇಲ್ಲದ ಸರ್ವರ್‌ಗಳಲ್ಲಿಯೇ ನನಗೆ ಇಂಥ ಪ್ರಶ್ನೆ ಏಳುವುದು ಜಾಸ್ತಿ.

ಫೈಲ್‌ಗಳನ್ನು ಕಟ್ಟಿಡುವ ‘ಟಾರ್’ನ ಆಪ್ಷನ್ ಮರೆತಾಗ ನಾನೂ ಓಡುವುದು ಟಿಎಲ್‌ಡಿಆರ್ ಕಡೆಗೇ. ಅದು ಬೇರೆ ಕೆಲಸ.

ಉಳಿದವು

ಪ್ರೋಗ್ರಾಂ ಅನ್ನೇ ‘--ಹೆಲ್ಪ್’ ಹಾಕಿ ಓಡಿಸಿ ಮೊದಲ ಸಾಲು ತೆಗೆದುಕೊಳ್ಳಿ ಎಂಬ ಸಲಹೆ ಆಗಾಗ ಬರುತ್ತದೆ. ಬೇಡ. ಏನು ಅಂತ ಗೊತ್ತಿಲ್ಲದ ಪ್ರೋಗ್ರಾಂ ಅನ್ನು, ಅದು ಏನು ಅಂತ ತಿಳಿಯಲು ಓಡಿಸುವುದೇ? ಎಲ್ಲ ಪ್ರೋಗ್ರಾಂಗಳೂ ಆ ಆಪ್ಷನ್ ಅನ್ನು ಗೌರವಿಸುವುದಿಲ್ಲ. ಕೆಲವು ಇನ್‌ಪುಟ್‌ಗೆ ಕಾಯುತ್ತಾ ಕೂರುತ್ತವೆ, ಕೆಲವು ಕಿಟಕಿ ತೆರೆಯುತ್ತವೆ, ಕೆಲವು ಸುಮ್ನೆ ತಮ್ಮ ಕೆಲಸ ಶುರು ಮಾಡಿಬಿಡುತ್ತವೆ.

ನನ್ನದೇ ಒಂದು ಪಟ್ಟಿ ಇಡುವುದು ಇನ್ನೊಂದು ದಾರಿ. ಇಟ್ಟು ನೋಡಿದೆ. ಬರೆಯುವಾಗ ಖುಷಿ. ಒಂದು ಹೊಸ ರಿಲೀಸ್ ಬಂತೆಂದರೆ ಹಳೆಯ ಸಾಲುಗಳು ಒಂದೊಂದಾಗಿ ಹಳಸುತ್ತವೆ, ತಿದ್ದುವವರು ಯಾರು ಅಂದರೆ ನಾನೇ. ಅಳಿಸಿ ಹಾಕಿದೆ.

ಶೆಲ್‌ನ ಒಳಗೇ ಇರುವ ಕಮಾಂಡ್‌ಗಳಿಗೆ ಮಾತ್ರ ಬೇರೆ ಲೆಕ್ಕ. ‘ಸಿಡಿ’ಗೆ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಮ್ಯಾನ್ ಪುಟವೂ ಇಲ್ಲ, ಪ್ಯಾಕೇಜೂ ಇಲ್ಲ. ಬ್ಯಾಶ್‌ನಲ್ಲಿ ‘ಹೆಲ್ಪ್ -ಡಿ ಸಿಡಿ’ ಅಂದರೆ ಅಚ್ಚುಕಟ್ಟಾದ ಒಂದು ಸಾಲು ಸಿಗುತ್ತದೆ. ಇದು ಎಷ್ಟೋ ಹಳಬರಿಗೂ ಗೊತ್ತಿಲ್ಲ.

ಈಗ ಇರುವ ಕ್ರಮ

ಮೊದಲು ಹೆಸರು ಶೆಲ್‌ನದೇ ಏನು ಅಂತ ನೋಡುತ್ತದೆ. ಅಲ್ಲದಿದ್ದರೆ ವಾಟ್‌ಈಸ್. ಅಲ್ಲಿ ಸಿಗದಿದ್ದರೆ ಅಥವಾ ಸಿಕ್ಕಿದ್ದು ಹೆಲ್ಪ್‌ಟುಮ್ಯಾನ್ ಸಾಲಾಗಿದ್ದರೆ ಡೆಸ್ಕ್‌ಟಾಪ್ ಫೈಲ್, ಆಮೇಲೆ ಪ್ಯಾಕೇಜ್. ಪ್ಯಾಕೇಜಿನಲ್ಲಿ ಬೇರೆ ಪ್ರೋಗ್ರಾಂಗಳೂ ಇದ್ದರೆ ‘ಇದು ಪ್ಯಾಕೇಜಿನ ವಿವರಣೆ’ ಅಂತ ಪಕ್ಕದಲ್ಲೇ ಬರೆಯುತ್ತದೆ. ಟಿಎಲ್‌ಡಿಆರ್ ಕೊನೆಗೆ, ಅದೂ ಪುಟಗಳು ಮೊದಲೇ ಇಳಿಸಿಕೊಂಡು ಇದ್ದರೆ ಮಾತ್ರ.

ಡೆಬಿಯನ್‌ನ ಸ್ಲಿಮ್ ಕಂಟೈನರ್‌ಗಳಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಜಾಗ ಉಳಿಸಲು ಅಲ್ಲಿ ಮ್ಯಾನ್ ಪುಟಗಳನ್ನೇ ತೆಗೆದಿರುತ್ತಾರೆ, ಆದರೆ ಡಿಪಿಕೆಜಿಯ ದಾಖಲೆ ಹಾಗೇ ಇರುತ್ತದೆ. ಅಲ್ಲಿ ಪ್ಯಾಕೇಜಿನ ವಿವರಣೆಯೇ ದಿಕ್ಕು.

ಪ್ರತಿ ಉತ್ತರದ ಕೊನೆಗೆ ಅದು ಯಾವ ಮೂಲದಿಂದ ಬಂತು ಅಂತ ಒಂದು ಚಿಕ್ಕ ಗುರುತು ಹಾಕಿದೆ. ಅದಾದ ಮೇಲೆ ‘ವಿವರಣೆ ತಪ್ಪಿದೆ’ ಎಂಬ ದೂರುಗಳು ನನ್ನ ಹತ್ತಿರ ಬರುವುದು ಬಹಳ ಕಡಿಮೆಯಾಯಿತು. ಜನ ನೇರವಾಗಿ ಆ ಮ್ಯಾನ್ ಪುಟ ಬರೆದವರಿಗೋ ಪ್ಯಾಕೇಜ್ ನೋಡಿಕೊಳ್ಳುವವರಿಗೋ ಬಗ್ ಹಾಕುತ್ತಾರೆ. ನನಗೆ ಈಗ ಬರುವುದು ಹೆಚ್ಚಾಗಿ ಕಾರ್ಗೋ ಪ್ರೋಗ್ರಾಂಗಳ ಬಗ್ಗೆ ದೂರು, ಅದಕ್ಕೆ ಇನ್ನೂ ಒಳ್ಳೆಯ ಉತ್ತರ ಸಿಕ್ಕಿಲ್ಲ.