ಉಪ್ಪಿಲ್ಲದ ಕಡಲಿನ ಮೂರು ಊರು: ಜುಲೈ ಬಿಟ್ಟು ನೋಡಿದರೆ

ಮಿಷಿಗನ್‌ನ ಕಲಮಜೂಗೆ ಬಂದು ಎಂಟು ವರ್ಷವಾಯಿತು. ಇಲ್ಲಿಗೆ ಹೊಸದಾಗಿ ಬಂದ ಕನ್ನಡದವರು ಯಾರೇ ಸಿಗಲಿ, ಊಟದ ನಡುವೆ ಈ ಪ್ರಶ್ನೆ ಬಂದೇ ಬರುತ್ತದೆ: "ಲೇಕ್ ಮಿಷಿಗನ್‌ಗೆ ಹೋಗೋದಾದ್ರೆ ಯಾವೂರು ಒಳ್ಳೇದು? ಸೌತ್ ಹೇವನ್ನಾ, ಸಾಗಟಕ್ಕಾ, ಗ್ರ್ಯಾಂಡ್ ಹೇವನ್ನಾ?" ಮೂರೂ ಸರೋವರದ ಪೂರ್ವ ದಡದಲ್ಲಿ, ದಕ್ಷಿಣದಿಂದ ಉತ್ತರಕ್ಕೆ ಇದೇ ಸಾಲಿನಲ್ಲಿವೆ. ಮೂರರಲ್ಲೂ ಒಂದೊಂದು ನದಿ ಸರೋವರಕ್ಕೆ ಸೇರುತ್ತದೆ. ಮೂರಕ್ಕೂ ನಾನು ಎಲ್ಲ ಕಾಲದಲ್ಲೂ ಹೋಗಿ ಬಂದಿದ್ದೇನೆ.

ಜುಲೈಗೆ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಎಲ್ಲಿ ಪಾರ್ಕಿಂಗ್ ಸಿಗುತ್ತದೋ ಅದೇ ಒಳ್ಳೆಯ ಊರು. ಮರಳು ಮೂರೂ ಕಡೆ ಒಂದೇ ಬಗೆ. ಒಣಮರಳಿನ ಮೇಲೆ ಕಾಲೆಳೆದು ನಡೆದರೆ ಹೊಸ ಚಪ್ಪಲಿಯ ಹಾಗೆ ಕಿರ್ ಕಿರ್ ಎನ್ನುತ್ತದೆ. ಜೂನ್ ಕೊನೆಗೆ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತೂಕಾಲು ದಾಟಿರುತ್ತದೆ. ಮಕ್ಕಳನ್ನು ಮಲಗಿಸುವ ಆಸೆ ಬಿಟ್ಟೇ ಹೊರಡಬೇಕು.

ಅಮ್ಮ ಕುಂದಾಪುರದಿಂದ ಬಂದಾಗ ಮೊದಲು ಕರೆದುಕೊಂಡು ಹೋದದ್ದು ಸೌತ್ ಹೇವನ್‌ಗೆ. ಸೀರೆ ಎತ್ತಿ ಹಿಡಿದು ಮೊಣಕಾಲುದ್ದ ನೀರಿಗಿಳಿದವರು ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗೆ ತಾಗಿಸಿ, "ಎಂಥದು ಮಾರಾಯ, ಸಪ್ಪೆ!" ಎಂದರು. ಆಚೆ ದಡ ಕಾಣುವುದಿಲ್ಲ, ಅಲೆ ನಮ್ಮ ಕೋಡಿಯ ಕಡಲಿನ ಹಾಗೇ ಬರುತ್ತದೆ, ಆದರೆ ಕಣ್ಣಿಗೆ ಕಾಣುವ ಉಬ್ಬರವಿಳಿತ ಇಲ್ಲ, ಮೈಗೆ ಅಂಟೂ ಇಲ್ಲ. ಮನೆಗೆ ಬಂದು ಸ್ನಾನ ಮಾಡದೆ ಊಟಕ್ಕೆ ಕೂರಬಹುದು ಎನ್ನುವುದು ಮಾತ್ರ ಅವರಿಗೆ ಕೊನೆಗೂ ಒಪ್ಪಿಗೆಯಾಗಲಿಲ್ಲ.

ಬೇಸಿಗೆಯ ನೀರನ್ನೂ ಪೂರ್ತಿ ನಂಬುವಂತಿಲ್ಲ. ಪೂರ್ವದ ಗಾಳಿ ಜೋರಾಗಿ ಬೀಸಿದರೆ ಮೇಲಿನ ಬೆಚ್ಚನೆಯ ನೀರು ಸರೋವರದ ನಡುವಿಗೆ ಸರಿದು ತಳದ ತಣ್ಣೀರು ದಡಕ್ಕೆ ಏಳುತ್ತದೆ. ನಿನ್ನೆ ಈಜಿದ ಜಾಗದಲ್ಲಿ ಇವತ್ತು ಪಾದ ಇಡಲಾಗದು. ಪಶ್ಚಿಮದ ಗಾಳಿಯ ದಿನ ನೀರು ಬೆಚ್ಚಗಿರುತ್ತದೆ, ಆದರೆ ಅಲೆ ದೊಡ್ಡದು. ದೀಪಸ್ತಂಭದವರೆಗೆ ಚಾಚಿದ ಕಾಂಕ್ರೀಟ್ ಕಟ್ಟೆಯ ಪಕ್ಕದಲ್ಲೇ ಸೆಳೆತ ಹುಟ್ಟುತ್ತದೆ. ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗಿಳಿಯುವ ಮಾತೇ ಬೇಡ, ಕಟ್ಟೆಯ ಮೇಲೂ ನಡೆಯಬೇಡಿ.

ನಿಜವಾದ ಪೈಪೋಟಿ ಇರುವುದು ಉಳಿದ ತಿಂಗಳುಗಳಲ್ಲಿ.

ಸೈಕಲ್ ಇದ್ದವರಿಗೆ ಸೌತ್ ಹೇವನ್ ಮುಂದೆ ಉಳಿದೆರಡೂ ನಿಲ್ಲುವುದಿಲ್ಲ. ಕಲಮಜೂ ಪಕ್ಕದಿಂದ ಅಲ್ಲಿಯವರೆಗೆ ಸುಮಾರು 33 ಮೈಲಿಯ ಕ್ಯಾಲ್-ಹೇವನ್ ಟ್ರೇಲ್ ಇದೆ. ಹಿಂದೆ ರೈಲು ಓಡುತ್ತಿದ್ದ ದಾರಿ, ಈಗ ಹಳಿ ಕಿತ್ತು ಜಲ್ಲಿಪುಡಿ ಹಾಸಿದ್ದಾರೆ. ರೈಲಿನ ದಾರಿಯಾದ್ದರಿಂದ ಕಡಿದಾದ ಏರು ಎಲ್ಲೂ ಸಿಗುವುದಿಲ್ಲ. ಮೊದಲ ಸಲ ಹೋದಾಗ ಬ್ಲೂಮಿಂಗ್‌ಡೇಲ್ ಹತ್ತಿರ ಹಿಂದಿನ ಚಕ್ರ ಪಂಕ್ಚರ್. ಪಂಪ್ ಇತ್ತು, ತೇಪೆ ಮನೆಯಲ್ಲಿತ್ತು. ಎರಡು ಮೈಲಿ ತಳ್ಳಿಕೊಂಡು ನಡೆದೆ. ದಾರಿಹೋಕ ಅಜ್ಜನೊಬ್ಬ ಒಂದು ಟ್ಯೂಬ್ ಕೊಟ್ಟು, ದುಡ್ಡು ಬೇಡವೆಂದು ಹೋದ. ಹೋಗಬೇಕಾದ ಕಾಲ ಅಕ್ಟೋಬರ್. ಕೊಯ್ಲು ಮುಗಿದ ಬ್ಲೂಬೆರಿ ತೋಟಗಳ ಎಲೆ ಆಗ ಕುಂಕುಮದ ಬಣ್ಣಕ್ಕೆ ತಿರುಗಿರುತ್ತದೆ. ಕೊನೆಯಲ್ಲಿ ಬ್ಲ್ಯಾಕ್ ನದಿಯ ಮೇಲೆ ಚಾವಣಿ ಇರುವ ಮರದ ಸೇತುವೆ. ಹಲಗೆಗಳ ಮೇಲೆ ಚಕ್ರ ಗಡಗಡ ಸದ್ದು ಮಾಡಿದರೆ ಊರು ಬಂತೆಂದು ಲೆಕ್ಕ.

ಗ್ರ್ಯಾಂಡ್ ಹೇವನ್‌ನಿಂದ ದಕ್ಷಿಣದ ಹಾಲೆಂಡ್ ಎಂಬ ಊರಿನ ಕಡೆಗೂ ಸೈಕಲ್ ದಾರಿಯಿದೆ, ಡಾಂಬರಿನದು, ನುಣುಪಾಗಿದೆ. ಹೆಸರು ಲೇಕ್‌ಶೋರ್ ಆದರೂ ಸರೋವರ ಕಾಣುವುದು ಅಪರೂಪ. ನಡುವೆ ಮರಗಳು, ಶ್ರೀಮಂತರ ಗೇಟುಗಳು. ಸಾಗಟಕ್‌ನಲ್ಲಿ ಸೈಕಲ್‌ಗಿಂತ ಕಾಲಿಗೇ ಕೆಲಸ. ಕಲಮಜೂ ನದಿ ದಾಟಲು ಕೈಯಲ್ಲಿ ತಿರುಗಿಸಿ ಸರಪಳಿಯ ಮೇಲೆ ಎಳೆದುಕೊಂಡು ಹೋಗುವ ದೋಣಿ ಇದೆ, ಅದು ಬೇಸಿಗೆಯಲ್ಲಿ ಮಾತ್ರ. ಆಚೆ ದಡದಲ್ಲಿ ಮೌಂಟ್ ಬಾಲ್ಡ್‌ಹೆಡ್ ಎಂಬ ಮರಳುಗುಡ್ಡ, 300ರಷ್ಟು ಮರದ ಮೆಟ್ಟಿಲು. ಅದರ ಆಚೆ ಇಳಿದರೆ ಓವಲ್ ಬೀಚ್. ನದಿಯ ಅಳಿವೆಯ ಹತ್ತಿರ 1830ರ ದಶಕದಲ್ಲಿ ಹುಟ್ಟಿದ ಸಿಂಗಪುರ ಎಂಬ ಮರಕೊಯ್ಯುವ ಊರಿತ್ತು. 1871ರ ಬೆಂಕಿಯಲ್ಲಿ ಸುಟ್ಟ ಶಿಕಾಗೋವನ್ನು ಮತ್ತೆ ಕಟ್ಟಲು ಇಲ್ಲಿಂದಲೂ ಮರ ಹೋಯಿತು. ಕಾಡು ಬರಿದಾದ ಮೇಲೆ ಮರಳನ್ನು ಹಿಡಿದಿಡುವವರಿಲ್ಲದೆ ಊರೇ ಹೂತುಹೋಯಿತು. ಆ ಮೆಟ್ಟಿಲು ಹತ್ತುವಾಗ ಕಾಲ ಕೆಳಗಿನ ಮರಳಿನ ಬಗ್ಗೆ ಸ್ವಲ್ಪ ಗೌರವ ಬರುತ್ತದೆ.

ಇನ್ನು ಚಳಿಗಾಲ. ಸರೋವರದ ಮೇಲಿಂದ ಬರುವ ಶೀತಗಾಳಿ ನೀರಿನ ತೇವ ಹೊತ್ತು ತಂದು ದಡದ ಮೇಲೆ ಹಿಮವಾಗಿ ಸುರಿಯುತ್ತದೆ, ಹಾಗಾಗಿ ಮೂರೂ ಊರಿಗೆ ಹಿಮದ ಬರವಿಲ್ಲ. ಅದನ್ನು ಏನು ಮಾಡುತ್ತೀರಿ ಎಂಬುದಷ್ಟೇ ಪ್ರಶ್ನೆ.

ಸೌತ್ ಹೇವನ್ ಇಲ್ಲಿ ಸೋಲುತ್ತದೆ. ಹಿಮ ಬಿದ್ದ ಮೇಲೆ ಕ್ಯಾಲ್-ಹೇವನ್‌ನಲ್ಲಿ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಜಾರುವ ಮೋಟಾರು ಗಾಡಿ, ಓಡಿಸಬಹುದು. ಸ್ಕೀ ಹಾಕಿ ಹೊರಟವನಿಗೆ ಸಿಗುವುದು ಅವುಗಳ ಸದ್ದು, ಹೊಗೆ, ಗಾಲಿಜಾಡಿನಂಥ ಗುಂಡಿ. ಮಂಜುಗಡ್ಡೆ ಮೆತ್ತಿಕೊಂಡ ಕೆಂಪು ದೀಪಸ್ತಂಭವನ್ನು ದೂರದಿಂದ ನೋಡಿ, ಫೋಟೊ ತೆಗೆದು, ಕಾಫಿ ಕುಡಿದು ವಾಪಸ್.

ಗ್ರ್ಯಾಂಡ್ ಹೇವನ್‌ನಲ್ಲಿ ಪೇಟೆಯ ಪಕ್ಕದಲ್ಲೇ ಮುಲಿಗನ್ಸ್ ಹಾಲೋ ಎಂಬ ಪುಟ್ಟ ಸ್ಕೀ ಗುಡ್ಡ ಇದೆ. ಮೇಲೆ ಹೋಗಲು ಓಡುವ ಹಗ್ಗವನ್ನು ಹಿಡಿದುಕೊಳ್ಳಬೇಕು. ಬಾವಿಯಿಂದ ನೀರು ಸೇದಿ ಬೆಳೆದವನಿಗೆ ಇದೇನು ಮಹಾ ಎಂದುಕೊಂಡು ಮಾಮೂಲಿ ಉಣ್ಣೆಯ ಗ್ಲೌಸ್ ಹಾಕಿ ಹೋದೆ. ನಾಲ್ಕನೆಯ ಸುತ್ತಿಗೆ ಅಂಗೈ ಕಡೆಯ ಉಣ್ಣೆ ಸವೆದು ಚರ್ಮ ಕಾಣತೊಡಗಿತು. ಪಕ್ಕದ ಆರು ವರ್ಷದ ಹುಡುಗಿ ಚರ್ಮದ ಗ್ಲೌಸ್ ಹಾಕಿಕೊಂಡಿದ್ದಳು. ಮಕ್ಕಳಿಗೆ ಸ್ಕೀ ಕಲಿಸಲು ಇದಕ್ಕಿಂತ ಸಲೀಸಾದ ಜಾಗ ಈ ಮೂರರಲ್ಲಿ ಇಲ್ಲ. ದೊಡ್ಡವರಿಗೆ ಒಂದು ಗಂಟೆ ಸಾಕು.

ನನ್ನ ಮತ ಸಾಗಟಕ್ ಡ್ಯೂನ್ಸ್ ಸ್ಟೇಟ್ ಪಾರ್ಕಿಗೆ. ಸುಮಾರು 1000 ಎಕರೆ, 13 ಮೈಲಿ ಕಾಲುದಾರಿ, ಕ್ಯಾಂಪಿಂಗ್ ಇಲ್ಲ, ಬೀಚಿಗೆ ನಡೆದೇ ಹೋಗಬೇಕು. ಬೇಸಿಗೆಯಲ್ಲಿ ಕೊಡೆ, ಚಾಪೆ, ಚಿತ್ರಾನ್ನದ ಡಬ್ಬಿ ಹೊತ್ತು ಆ ಮರಳಲ್ಲಿ ನಡೆದಾಗ ಇದೆಂಥ ಜಾಗ ಎಂದು ಬೈದುಕೊಂಡಿದ್ದೆ. ಜನವರಿಯಲ್ಲಿ ಅದೇ ದಾರಿ ಸ್ಕೀಗೆ ಹೇಳಿ ಮಾಡಿಸಿದಂತಿತ್ತು. ದಿಬ್ಬಗಳು ಗಾಳಿಗೆ ಅಡ್ಡ ನಿಲ್ಲುವುದರಿಂದ ಕಾಡಿನೊಳಗೆ ಕಿವಿ ಸುಡುವುದಿಲ್ಲ. ಕೊನೆಯ ದಿಬ್ಬಕ್ಕೆ ಮೊದಲೇ ಒಂದು ಸದ್ದು ಕೇಳಿಸಿತು, ಗೋಣಿಯಿಂದ ತೆಂಗಿನಕಾಯಿ ಸುರಿದ ಹಾಗೆ. ಹತ್ತಿ ನೋಡಿದರೆ ದೋಸೆಯಂತೆ ದುಂಡಗಿನ ಮಂಜಿನ ತಟ್ಟೆಗಳು ಅಲೆಯ ಮೇಲೆ ಒಂದಕ್ಕೊಂದು ಉಜ್ಜುತ್ತಿದ್ದವು. ದಡಕ್ಕೆ ಅಂಟಿದ ಮಂಜುಗಡ್ಡೆ ನೆಲದಂತೆ ಕಂಡರೂ ಕೆಳಗೆ ಟೊಳ್ಳಿರುತ್ತದೆ. ಅದರ ಮೇಲೆ ಹೆಜ್ಜೆ ಇಡಬೇಡಿ.

ಈ ಸಲ ಅಮ್ಮ ಫೆಬ್ರವರಿಯಲ್ಲಿ ಬರುತ್ತಾರಂತೆ, ಹಿಮ ನೋಡಬೇಕಂತೆ. ಸ್ಕೀ, ದಿಬ್ಬ ಎಲ್ಲ ಅವರ ಮೊಣಕಾಲಿಗೆ ಆಗದ ಮಾತು. ಗ್ರ್ಯಾಂಡ್ ಹೇವನ್ ಪೇಟೆಯ ಬೀದಿಯಲ್ಲಿ ನೆಲದಡಿ ಬಿಸಿನೀರಿನ ಕೊಳವೆ ಹಾಕಿ ಹಿಮ ಕರಗಿಸುತ್ತಾರೆ, ಜಾರುವ ಭಯ ಕಡಿಮೆ. ಸಾಗಟಕ್‌ಗೆ ನಾನೊಬ್ಬನೇ ಇನ್ನೊಂದು ದಿನ ಹೋಗುತ್ತೇನೆ.